ಗಾಸಾದಾಲುರ್: ಶವದ ಕಲ್ಲಿನ ಹಾದಿ

ಉತ್ತರ ಅಟ್ಲಾಂಟಿಕ್ ಮಹಾಸಾಗರದ ಫೆರೋ ದ್ವೀಪಸಮೂಹದಲ್ಲಿ, ವಾಗರ್ ದ್ವೀಪದ ಪಶ್ಚಿಮಾಗ್ರದಲ್ಲಿ, ಪರ್ವತಗಳಿಗೂ ಕಡಲಿಗೂ ನಡುವೆ ಸೆರೆಯಾದಂತಿರುವ ಗಾಸಾದಾಲುರ್ ಎಂಬ ಪುಟ್ಟ ಗ್ರಾಮವನ್ನು ಲೋಕವು ಇಂದು ಬಲ್ಲುದು, ಬಂಡೆಯ ಅಂಚಿನಿಂದ ನೇರವಾಗಿ ಸಮುದ್ರಕ್ಕೆ ಧುಮುಕುವ ಮೂಲಾಫೊಸ್ಸುರ್ ಜಲಪಾತದ ಚಿತ್ರಗಳಿಂದ ಮಾತ್ರ. ಆ ಚಿತ್ರಗಳಲ್ಲಿ ಎಂದೂ ಕಾಣಿಸದ ಒಂದು ಕಲ್ಲಿನ ಕಥೆಯೇ ಈ ಊರಿನ ನಿಜವಾದ ಚರಿತ್ರೆಯೆಂದು ನನ್ನ ನಂಬಿಕೆ.

1873ರವರೆಗೆ ಗ್ರಾಮಕ್ಕೆ ತನ್ನದೆಂಬ ರುದ್ರಭೂಮಿ ಇರಲಿಲ್ಲ. ಅಲ್ಲಿ ಮೃತರಾದವರನ್ನು ನೆರೆಯ ಬೋವುರ್ ಗ್ರಾಮದಲ್ಲಿ ಹೂಳಬೇಕಾಗಿದ್ದುದರಿಂದ, 400 ಮೀಟರಿಗೂ ಮಿಗಿಲಾದ ಬೆಟ್ಟವನ್ನೇರಿ, ಗಾಳಿಮಳೆಗಳಿಗೆ ಮೈಯೊಡ್ಡಿ, ಒಂದು ಪಕ್ಕದಲ್ಲಿ ಪ್ರಪಾತವನ್ನಿಟ್ಟುಕೊಂಡೇ, ಬಂಧುಗಳು ಶವಪೆಟ್ಟಿಗೆಯನ್ನು ಹೊತ್ತು ನಡೆಯುತ್ತಿದ್ದರು. ಆ ದೀರ್ಘಮಾರ್ಗದಲ್ಲಿ ಭಾರವನ್ನಿಳಿಸಿ ಉಸಿರಾಡಲು ದೊರೆಯುತ್ತಿದ್ದ ಏಕೈಕ ಸ್ಥಳವೇ ಲೀಕ್‌ಸ್ಟೈನುರಿನ್, ಅಂದರೆ ಶವದ ಕಲ್ಲು. ದುಃಖವನ್ನೂ ದೇಹವನ್ನೂ ಒಟ್ಟಿಗೆ ಹೊರಬೇಕಾದ ಮನುಷ್ಯರಿಗೆ ನಿಸರ್ಗವು ಇತ್ತ ಸೌಕರ್ಯ ಅಷ್ಟೇ!

ಕಡಲು ಕಾಲಬುಡದಲ್ಲಿಯೇ ಇರುವಾಗ ಬೆಟ್ಟವನ್ನೇಕೆ ಹತ್ತಬೇಕೆಂದು ಕೇಳಬಹುದು. ಆದರೆ ಗ್ರಾಮವಿರುವುದು ಕಡಿದಾದ ಬಂಡೆಯ ಮೇಲೆ. ಕೆಳಗಿನ ದಡದಲ್ಲಿ ದೋಣಿ ತಂಗುವುದು ದುಸ್ತರ. ಮೀನು ಹಿಡಿಯಬಯಸಿದವರು ತಮ್ಮ ದೋಣಿಗಳನ್ನೂ ಬೋವುರಿನ ಬಳಿಯೇ ಇರಿಸಿಕೊಳ್ಳಬೇಕಾಗಿತ್ತು. ದಡದಿಂದ ಊರಿಗೆ ಮೆಟ್ಟಿಲುಗಳ ಸಾಲೊಂದು ಏರ್ಪಟ್ಟದ್ದು 1940ರಲ್ಲಿ, ಬ್ರಿಟಿಷ್ ಸೈನ್ಯವು ಆ ದ್ವೀಪಗಳನ್ನು ಆಕ್ರಮಿಸಿಕೊಂಡಿದ್ದ ಯುದ್ಧಕಾಲದಲ್ಲಿ. ಅದೇ ಸೈನ್ಯ ವಾಗರ್‌ನಲ್ಲಿ ವಿಮಾನನಿಲ್ದಾಣವನ್ನೂ ಕಟ್ಟಿತು. ಹೀಗೆ ಆಕಾಶಮಾರ್ಗವು ದ್ವೀಪಕ್ಕೆ ಬಂದ ಮೇಲೂ, ಈ ಒಂದು ಹಳ್ಳಿಗೆ ಬಂಡಿ ಸಾಗುವ ದಾರಿ ಅನೇಕ ದಶಕಗಳವರೆಗೆ ಬರಲೇ ಇಲ್ಲ. ಶವಗಳು ಸಾಗಿದ್ದ ಹಾದಿಯಲ್ಲೇ ಅಂಚೆಯವನು ಬದುಕಿರುವವರ ಕಾಗದಗಳನ್ನು ಹೊತ್ತು ಬರುತ್ತಿದ್ದನು.

2004ರಲ್ಲಿ ಬೆಟ್ಟವನ್ನು ಸಿಡಿಸಿ ಸುರಂಗವನ್ನು ಕೊರೆದರು. ಅಷ್ಟರಲ್ಲಿ ಊರಿನಲ್ಲಿ ಉಳಿದಿದ್ದವರು ಇಪ್ಪತ್ತಕ್ಕೂ ಕಡಮೆ ಮಂದಿ. ದಾರಿ ಬೇಕಾಗಿದ್ದ ತಲೆಮಾರುಗಳು ದಾರಿಯಿಲ್ಲದೆಯೇ ಬಾಳಿ ಹೋದವೆಂಬುದು ನನ್ನನ್ನು ನೋಯಿಸುತ್ತದೆ. ಸುರಂಗವನ್ನು ದೂರುವ ಹಕ್ಕು ದೂರದಲ್ಲಿ ಕುಳಿತ ನನಗಿಲ್ಲ. ರೋಗಿಗೆ ವೈದ್ಯನೂ ಮಗುವಿಗೆ ಶಾಲೆಯೂ ಸಮೀಪಿಸಿದ್ದು ಅದರಿಂದಲೇ. ಆದರೆ ಕಾರಿನಲ್ಲಿ ಬಂದು, ಜಲಪಾತದ ಚಿತ್ರ ತೆಗೆದು, ಕ್ಷಣಾರ್ಧದಲ್ಲಿ ಹಿಂದಿರುಗುವ ಯಾತ್ರಿಕನು ಒಂದು ಬಾರಿಯಾದರೂ ಬೋವುರಿನಿಂದ ಆ ಹಳೆಯ ಹಾದಿ ಹಿಡಿದು, ಬೆಟ್ಟವನ್ನು ಕಾಲ್ನಡೆಯಲ್ಲೇ ದಾಟಿ ಊರನ್ನು ಸೇರಲಿ.