ಪಕ್ಕದ ಮನೆಯ ಕರೆಂಟ್ ಬಿಲ್ಲು ನಮಗೇನು ಹೇಳುತ್ತೆ?

ಕರೆಂಟ್ ಉಳಿಸಿ ಅಂತ ಸರ್ಕಾರಗಳು ದಶಕಗಳಿಂದ ಹೇಳುತ್ತಲೇ ಬಂದಿವೆ. ಹಾಗೆ ಹೇಳಿದ್ದಕ್ಕೆ ಎಷ್ಟು ಮನೆಗಳಲ್ಲಿ ಫ್ಯಾನ್ ಸ್ವಿಚ್ ಆಫ್ ಆಯ್ತು? ಜನರ ಅಭ್ಯಾಸ ನಿಜಕ್ಕೂ ಯಾವುದರಿಂದ ಬದಲಾಗುತ್ತೆ ಅನ್ನೋದಕ್ಕೆ ಒಂದು ಒಳ್ಳೆಯ ಉತ್ತರ ಸಿಕ್ಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಮಾರ್ಕೋಸ್ ಎಂಬ ಊರಿನಲ್ಲಿ.

ಅಲ್ಲಿ ಸಂಶೋಧಕರು ಮನೆಗಳ ಬಾಗಿಲಿಗೆ ಚೀಟಿ ನೇತುಹಾಕಿದರು. ಕೆಲವು ಚೀಟಿಗಳಲ್ಲಿ ‘ದುಡ್ಡು ಉಳಿಯುತ್ತೆ’, ಕೆಲವುದರಲ್ಲಿ ‘ಪರಿಸರ ಉಳಿಯುತ್ತೆ’, ಇನ್ನು ಕೆಲವುದರಲ್ಲಿ ‘ನಿಮ್ಮ ನೆರೆಹೊರೆಯವರು ಉಳಿಸುತ್ತಿದ್ದಾರೆ’ ಎಂಬ ಸಂದೇಶವಿತ್ತು. ಹೆಚ್ಚು ಕೆಲಸ ಮಾಡಿದ್ದು ನೆರೆಹೊರೆಯ ಮಾತು. ತಮಾಷೆ ಅಂದ್ರೆ, ‘ನೀವ್ಯಾಕೆ ಉಳಿಸ್ತೀರಿ?’ ಅಂತ ಕೇಳಿದಾಗ ಜನ ಕೊನೆಯ ಸ್ಥಾನ ಕೊಟ್ಟಿದ್ದೂ ಅದಕ್ಕೇ.

ಅದೇ ಊರಿನ, 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸತ್ಯ ತೋರಿಸಿತು. ಬಡಾವಣೆಯ ಸರಾಸರಿ ಗೊತ್ತಾದ ಮೇಲೆ ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು ನಿಜ. ಆದರೆ ಕಡಿಮೆ ಬಳಸುತ್ತಿದ್ದವರು ಜಾಸ್ತಿ ಮಾಡಿಬಿಟ್ಟರು! ಅಂಥವರ ಚೀಟಿಯಲ್ಲಿ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು. ಉಳಿಸುವವರಿಗೆ ಶಹಬ್ಬಾಸ್ ಅನ್ನಲೇಬೇಕು, ಇದೇ ಅದರ ಪಾಠ.

ಇದನ್ನೇ ಓಪವರ್ ಎಂಬ ಕಂಪನಿ ವ್ಯವಹಾರ ಮಾಡಿಕೊಂಡಿತು. ಮನೆಮನೆಗೆ ಹೋಲಿಕೆಯ ವರದಿ ಕಳಿಸಿತು. ಸುಮಾರು 6 ಲಕ್ಷ ಮನೆಗಳ ಲೆಕ್ಕ ನೋಡಿದ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ಅವರಿಗೆ ಕಂಡ ಉಳಿತಾಯ ಸರಾಸರಿ ಶೇ. 2. ಸಣ್ಣದು ಅನ್ನಿಸಬಹುದು, ಆದರೆ ದರ ಏರಿಸದೆ, ಬರೀ ಕಾಗದದಿಂದ ಬಂದದ್ದು. 2016ರಲ್ಲಿ ಆ ಕಂಪನಿಯನ್ನು ಒರಾಕಲ್ ಕೊಂಡಿತು.

ಈಗ ನಮ್ಮ ಗೃಹಜ್ಯೋತಿಗೆ ಬರೋಣ. 2023ರಲ್ಲಿ ಜಾರಿಯಾದಾಗ ಇದ್ದ ಸೂತ್ರ ಹೀಗಿತ್ತು: 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಉಚಿತ, ಮಿತಿ 200 ಯೂನಿಟ್. ಅಂದರೆ 60 ಯೂನಿಟ್ ಬಳಸುತ್ತಿದ್ದ ಮನೆಗೆ 66, 170 ಬಳಸುತ್ತಿದ್ದ ಮನೆಗೆ 187. ಬಡವರ ಬಿಲ್ಲಿನ ಭಾರ ಇಳಿಸಿದ ಈ ಯೋಜನೆ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೊದಲಿನಿಂದ ಮಿತವಾಗಿ ಬಳಸಿದವರಿಗೆ ಕಡಿಮೆ, ಧಾರಾಳವಾಗಿ ಬಳಸಿದವರಿಗೆ ಹೆಚ್ಚು ಸಿಕ್ಕರೆ ಅದು ನಗುಮುಖದ ಪಾಠಕ್ಕೆ ತದ್ವಿರುದ್ಧ. ಮಿತಿಯೊಳಗೆ ಉಳಿಸಿದರೂ, ಉಳಿಸದಿದ್ದರೂ ಬಿಲ್ ಸೊನ್ನೆಯೇ.

ಹಾಗಾದ್ರೆ ಸ್ಮಾರ್ಟ್ ಮೀಟರ್ ಎಲ್ಲವನ್ನೂ ಸರಿಮಾಡುತ್ತಾ? ಅದು ಅರ್ಧ ಗಂಟೆಗೊಮ್ಮೆ ಬಳಕೆ ದಾಖಲಿಸಿದರೆ ನಾವು ಯಾವಾಗ ಮಲಗುತ್ತೇವೆ, ಮನೆ ಯಾವಾಗ ಖಾಲಿ ಇರುತ್ತೆ ಅನ್ನೋದೂ ಗೊತ್ತಾಗುತ್ತೆ. ಖಾಸಗಿತನದ ಇದೇ ಆತಂಕದಿಂದ ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಕಡ್ಡಾಯ ಸ್ಮಾರ್ಟ್ ಮೀಟರ್ ಕಾಯ್ದೆಯನ್ನು ತಡೆಯಿತು.

ಆದ್ದರಿಂದ ನಾವು ಕೇಳಬೇಕಾದ್ದು ಮೂರು. ಸೊನ್ನೆ ಬಿಲ್ಲಿನಲ್ಲೂ ಅಕ್ಕಪಕ್ಕದ ಬಳಕೆಯ ಹೋಲಿಕೆ ಇರಲಿ. ಆದರೆ ಶೀಟಿನ ಮನೆಯನ್ನು ಎಸಿ ಫ್ಲ್ಯಾಟಿನ ಜೊತೆ ಹೋಲಿಸುವುದು ಬೇಡ. ಮಿತವಾಗಿ ಬಳಸುವವರಿಗೆ ಉಚಿತ ಯೂನಿಟ್‌ನಲ್ಲಿ ಅನ್ಯಾಯ ಆಗದಿರಲಿ. ನಮ್ಮ ಮೀಟರಿನ ಡೇಟಾ ಯಾರ ಕೈಗೆ, ಎಷ್ಟು ದಿನ ಅನ್ನೋದನ್ನು ಮೀಟರ್ ಕೂರಿಸುವ ಮೊದಲೇ ಹೇಳಲಿ. ಕೂರಿಸಿದ ಮೇಲೆ ಕೇಳಿದರೆ ಉತ್ತರ ಕೊಡುವ ಅವಸರ ಯಾರಿಗೂ ಇರಲ್ಲ.