ಹುತ್ತಕ್ಕೆ ಕುಂಬಾರ ಯಾರು?

ದೇವರಿದ್ದಾನೋ ಇಲ್ಲವೋ ಎಂಬ ಜಗಳ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತಿಗೇ ಮುಗಿದುಹೋಗುತ್ತದೆ. "ನಮ್ಮ ಹಿರಿಯರೆಲ್ಲ ಒಪ್ಪಿದ್ದನ್ನು ಕೇಳೋಕೆ ನೀನ್ಯಾರು?" ಎಂದು ಒಬ್ಬರು. "ಇದೆಲ್ಲ ಕುರುಡು ನಂಬಿಕೆ, ತರ್ಕ ಮಾಡೋದನ್ನ ಕಲಿಸಿದ್ದೇ ಯುರೋಪು" ಎಂದು ಇನ್ನೊಬ್ಬರು. ಜಗತ್ತನ್ನು ಮಾಡಿದವನೊಬ್ಬ ಉಂಟೇ ಎಂಬ ಪ್ರಶ್ನೆಯ ಮೇಲೆ ಈ ದೇಶದ ಪಂಡಿತರು ನೂರಾರು ವರ್ಷ ಪಟ್ಟು ಬಿಡದೆ ವಾದಿಸಿದ್ದಾರೆ. ಅಲ್ಲಿ ಯಾರು ಯಾವ ಕಡೆ ನಿಂತಿದ್ದರು ಎಂದು ನೋಡಿದರೆ ಇಬ್ಬರ ಮಾತೂ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಸೃಷ್ಟಿಕರ್ತನನ್ನು ಒಪ್ಪದವರು ಚಾರ್ವಾಕರು ಮಾತ್ರ

ಕಣ್ಣಿಗೆ ಕಂಡದ್ದನ್ನಷ್ಟೇ ನಂಬಿದ ಚಾರ್ವಾಕರ ಹೆಸರು ಬಾಯಿಗೆ ಸುಲಭವಾಗಿ ಬರುತ್ತದೆ, ಅಷ್ಟೇ. ಈ ವಾದದಲ್ಲಿ ನಿಜಕ್ಕೂ ಬೆವರಿಳಿಸಿದವರು ಬೇರೆಯವರು. ಬೌದ್ಧರು ಮತ್ತು ಜೈನರು ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲೂ ಅವನಿಗೆ ಕೆಲಸವಿಲ್ಲ; ಕರುವಿಗಾಗಿ ಹಾಲು ತಾನಾಗಿ ಇಳಿಯುವಂತೆ ಜಡವಾದ ಪ್ರಕೃತಿಯೇ ಚೇತನನಾದ ಪುರುಷನಿಗಾಗಿ ತೊಡಗಿಕೊಳ್ಳುತ್ತದೆ ಎಂಬುದು ಅಲ್ಲಿನ ವಿವರಣೆ. ಇವೆಲ್ಲಕ್ಕಿಂತ ಅಚ್ಚರಿಯದು ಮೀಮಾಂಸಕರ ನಿಲುವು. ಯಜ್ಞದ ಒಂದೊಂದು ವಿಧಿಗೂ ಅರ್ಥ ಹಚ್ಚುತ್ತ ಬದುಕು ಸವೆಸಿದ, ವೇದದ ಒಂದಕ್ಷರವೂ ಸುಳ್ಳಲ್ಲ ಎಂದು ಹಟ ಹಿಡಿದ ಜನ ಅವರು. ಜಗತ್ತಿಗೊಬ್ಬ ಕರ್ತನಿದ್ದಾನೆ ಎಂಬುದನ್ನು ಮಾತ್ರ ಒಪ್ಪಲಿಲ್ಲ.

ಸುಮಾರು 7ನೇ ಶತಮಾನದ ಕುಮಾರಿಲ ಭಟ್ಟನ ಶ್ಲೋಕವಾರ್ತಿಕ ಓದಿದರೆ ಆ ಮೊನಚು ಇಂದಿಗೂ ತಾಗುತ್ತದೆ. ಸೃಷ್ಟಿ ನಡೆದದ್ದನ್ನು ಕಂಡವರು ಯಾರು ಎಂದು ಕೇಳುತ್ತಾನೆ. ಮೊದಲು ಹುಟ್ಟಿದ ಜೀವಿಗಳೇ? ತಾವು ಹುಟ್ಟುವ ಮುಂಚೆ ಏನಿತ್ತೆಂದು ಅವರಿಗೇನು ಗೊತ್ತು! ಹೋಗಲಿ, ಸೃಷ್ಟಿಕರ್ತನೇ ಬಂದು "ನಾನೇ ಮಾಡಿದೆ" ಎಂದು ಹೇಳಿದ ಎನ್ನೋಣ. ಮಾಡದೆಯೂ ದೊಡ್ಡಸ್ತಿಕೆಗಾಗಿ ಹಾಗೆ ಹೇಳಿರಬಹುದಲ್ಲ? ಶರೀರವಿಲ್ಲದವನು ಕೆಲಸ ಮಾಡುವುದಾದರೂ ಹೇಗೆ, ಶರೀರವಿದ್ದರೆ ಆ ಶರೀರವನ್ನು ಮಾಡಿದವರು ಯಾರು? ಕರುಣೆಯಿಂದ ಸೃಷ್ಟಿಸಿದ ಎನ್ನುವವರಿಗೂ ಅವನಲ್ಲಿ ಉತ್ತರವಿದೆ: ಸೃಷ್ಟಿಗೆ ಮುಂಚೆ ನೋಯುವ ಜೀವಿಗಳೇ ಇರಲಿಲ್ಲ, ಕರುಣೆ ಯಾರ ಮೇಲೆ? ಕರುಣೆಯೇ ಕಾರಣವಾಗಿದ್ದರೆ ಸುಖಿಗಳನ್ನಷ್ಟೇ ಹುಟ್ಟಿಸಬಹುದಿತ್ತು.

ಇದನ್ನು ಬರೆದವನು ಯಜ್ಞಶಾಲೆಯ ಪಕ್ಷದವನು ಎಂಬುದನ್ನು ಮರೆಯಬಾರದು. ಅವನ ಮಟ್ಟಿಗೆ ವೇದವನ್ನು ಯಾರೂ ಬರೆದದ್ದಲ್ಲ, ದೇವರೂ ಬರೆದದ್ದಲ್ಲ. ದೇವರು ಬರೆದ ಎಂದರೆ ಅದರ ಪ್ರಾಮಾಣ್ಯ ಇನ್ನೊಬ್ಬರ ಮಾತಿನ ಮೇಲೆ ನಿಂತಂತಾಯಿತು. ಮಾಡಿದ ಕರ್ಮಕ್ಕೆ ಫಲ ಕೊಡಲು ಕರ್ಮದಿಂದಲೇ ಹುಟ್ಟುವ 'ಅಪೂರ್ವ' ಎಂಬ ಶಕ್ತಿ ಸಾಕು. ನಡುವೆ ಲೆಕ್ಕ ಇಡುವವನೊಬ್ಬ ಬೇಕಿಲ್ಲ.

ತಪ್ಪು ಕಲ್ಪನೆ: ನಮ್ಮಲ್ಲಿ ದೇವರನ್ನು ನಂಬಿದರೇ ಹೊರತು ತರ್ಕದಿಂದ ಸಾಧಿಸಲು ಹೋಗಲಿಲ್ಲ

ಇಂಥ ದಾಳಿಗಳ ಎದುರು ಭಕ್ತಿಗೀತೆ ಹಾಡಿಕೊಂಡು ಕೂರುವಂತಿರಲಿಲ್ಲ. ತರ್ಕವನ್ನೇ ಶಾಸ್ತ್ರವಾಗಿಸಿಕೊಂಡ ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಸಾಕ್ಷ್ಯಾಧಾರ ಹಿಡಿದು ಕಣಕ್ಕಿಳಿದರು. ಅವರಲ್ಲಿ ದೊಡ್ಡ ಹೆಸರು ಮಿಥಿಲೆಯ ಉದಯನಾಚಾರ್ಯನದು; ಕಾಲ 10-11ನೇ ಶತಮಾನ. ಅವನ ನ್ಯಾಯಕುಸುಮಾಂಜಲಿಯಲ್ಲಿ ಐದು ಸ್ತಬಕಗಳಿವೆ. ಮೊದಲ ನಾಲ್ಕು ಎದುರಾಳಿಗಳ ಆಕ್ಷೇಪಗಳನ್ನು ಬಿಡಿಸುವುದಕ್ಕೆ, ಐದನೆಯದು ತನ್ನ ಪ್ರಮಾಣಗಳನ್ನು ಮಂಡಿಸುವುದಕ್ಕೆ. ಪುರಿಯಲ್ಲಿ ಜಗನ್ನಾಥನ ಬಾಗಿಲು ಮುಚ್ಚಿದ್ದಾಗ ಉದಯನ ರೇಗಿ, ಈಗ ಗರ್ವದಿಂದ ನನ್ನನ್ನು ಕಡೆಗಣಿಸುತ್ತೀಯೆ, ಬೌದ್ಧರು ಎದುರಾದರೆ ನಿನ್ನ ಇರವು ನನ್ನ ಕೈಯಲ್ಲೇ ಇದೆ ನೋಡು ಎಂದನಂತೆ. ಐತಿಹ್ಯವೇ ಇರಬಹುದು. ಆದರೆ ನೈಯಾಯಿಕನ ಠೇಂಕಾರ ಎಂಥದೆಂದು ಜನಕ್ಕೆ ಚೆನ್ನಾಗಿ ಗೊತ್ತಿತ್ತು.

ಅವನ ಮುಖ್ಯ ವಾದ ಸರಳ. ಮಡಕೆ ಒಂದು ಕಾರ್ಯ, ಅಂದರೆ ಮುಂಚೆ ಇರದೆ ಆಮೇಲೆ ಆದದ್ದು. ಅದಕ್ಕೆ ಮಣ್ಣನ್ನು ಬಲ್ಲ, ಮಾಡಬೇಕೆಂಬ ಇಚ್ಛೆಯುಳ್ಳ, ಪ್ರಯತ್ನ ಹಾಕುವ ಕುಂಬಾರ ಬೇಕು. ಭೂಮಿ, ಬೆಟ್ಟ, ಮೊಳಕೆ ಇವೂ ಕಾರ್ಯಗಳೇ. ಹಾಗಾಗಿ ಇವುಗಳಿಗೂ ಬಲ್ಲವನೊಬ್ಬ ಕರ್ತನಿರಬೇಕು.

ಪಟ್ಟಿಯ ಕೊನೆಯಲ್ಲಿ ಬರುವ ಸಂಖ್ಯೆಯ ವಾದ ಅಷ್ಟು ಪ್ರಸಿದ್ಧವಲ್ಲ. ನನ್ನನ್ನು ಕೇಳಿದರೆ ಅದೇ ಹೆಚ್ಚು ಸ್ವಾರಸ್ಯದ್ದು. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳಿನ ಕಣ ತೇಲುತ್ತದಲ್ಲ, ಕಣ್ಣಿಗೆ ಕಾಣುವ ವಸ್ತುಗಳಲ್ಲಿ ಅದೇ ಅತಿ ಸಣ್ಣದು. ಅದೇ ತ್ರ್ಯಣುಕ ಎಂಬುದು ನ್ಯಾಯ-ವೈಶೇಷಿಕರ ಲೆಕ್ಕ. ಎರಡು ಪರಮಾಣು ಸೇರಿ ಒಂದು ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ಒಂದು ತ್ರ್ಯಣುಕ. ಪರಮಾಣುವಿನ ಗಾತ್ರ ಕಣ್ಣಿಗೆ ಸಿಗುವಂಥದ್ದಲ್ಲ, ದ್ವ್ಯಣುಕದ್ದೂ ಅಲ್ಲ. ಸೂಕ್ಷ್ಮದಿಂದ ಸೂಕ್ಷ್ಮವೇ ಹುಟ್ಟಬೇಕಲ್ಲದೆ ಕಾಣುವ ಗಾತ್ರ ಎಲ್ಲಿಂದ ಬಂತು? ಗಾತ್ರದಿಂದಲ್ಲ, ಸಂಖ್ಯೆಯಿಂದ ಎನ್ನುತ್ತಾರೆ ಅವರು. ಆದರೆ ಎರಡು, ಮೂರು ಎಂಬ ಸಂಖ್ಯೆ ವಸ್ತುವಿನಲ್ಲಿ ತಾನಾಗಿ ಕೂತಿರುವುದಿಲ್ಲ. 'ಇದೊಂದು, ಇದೊಂದು' ಎಂದು ಎಣಿಸುವ ಬುದ್ಧಿಯೊಂದು ಇದ್ದರೆ ಮಾತ್ರ ಅದು ಹುಟ್ಟುತ್ತದೆ. ಸೃಷ್ಟಿಯ ಮೊದಲ ಗಳಿಗೆಯಲ್ಲಿ ನಾನೂ ಇಲ್ಲ, ನೀವೂ ಇಲ್ಲ. ಆಗ ಎಣಿಸಿದವರು ಯಾರು?

ಎಣಿಸುವವರಿಲ್ಲದಿದ್ದರೂ ಎರಡು ಎರಡೇ ಎನ್ನುವವರ ಮುಂದೆ ಈ ವಾದ ನಡೆಯುವುದಿಲ್ಲ, ನಿಜ. ಆದರೂ ಇದನ್ನು 'ಕುರುಡು ನಂಬಿಕೆ' ಎಂದು ಕರೆಯಲು ಬಹಳ ಧೈರ್ಯ ಬೇಕು.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಗ್ರಂಥದ ಕೊನೆಗೆ ಉದಯನ ದೇವರಲ್ಲಿ ಒಂದು ಬೇಡಿಕೆ ಇಡುತ್ತಾನೆ. ಎದುರಾಳಿಗಳು ಖಂಡಿಸಲಿಕ್ಕಾದರೂ ನಿನ್ನನ್ನೇ ಅಷ್ಟು ಆಳವಾಗಿ ಚಿಂತಿಸಿದವರು, ಕಾಲ ಬಂದಾಗ ಅವರನ್ನೂ ದಾಟಿಸು ಎಂದು.

ತಪ್ಪು ಕಲ್ಪನೆ: "ಹಾಗಾದರೆ ದೇವರನ್ನು ಮಾಡಿದ್ದು ಯಾರು?" ಎಂದರೆ ವಾದ ಮುಗಿಯಿತು

ಮುಗಿಯುವುದಿಲ್ಲ. ಇರುವುದಕ್ಕೆಲ್ಲ ಕರ್ತ ಬೇಕು ಎಂದು ನೈಯಾಯಿಕ ಹೇಳಲೇ ಇಲ್ಲ. ಆದದ್ದಕ್ಕೆ ಬೇಕು ಎಂದ. ಪರಮಾಣು, ಆಕಾಶ, ಆತ್ಮಗಳು ಅವನ ಪ್ರಕಾರ ಎಂದೂ ಆದವಲ್ಲ, ಸದಾ ಇರುವವು. ಈಶ್ವರನೂ ಹಾಗೆಯೇ. ಅವನ ಈಶ್ವರ ಶೂನ್ಯದಿಂದ ಜಗತ್ತನ್ನು ತೆಗೆಯುವವನಲ್ಲ, ಇರುವ ಪರಮಾಣುಗಳನ್ನು ಜೀವಿಗಳ ಅದೃಷ್ಟಕ್ಕೆ, ಅಂದರೆ ಹಿಂದಿನ ಕರ್ಮದಿಂದ ಉಳಿದ ಪುಣ್ಯಪಾಪಕ್ಕೆ, ತಕ್ಕಂತೆ ಕೂಡಿಸುವವನು.

ನಿಜವಾದ ಪೆಟ್ಟು ಕೊಟ್ಟವನು ಬೌದ್ಧ ತಾರ್ಕಿಕ ಧರ್ಮಕೀರ್ತಿ. ಅವನೂ ಸುಮಾರು 7ನೇ ಶತಮಾನದವನೇ. ಪ್ರಮಾಣವಾರ್ತಿಕದಲ್ಲಿ ಅವನು ಹುತ್ತವನ್ನು ಮುಂದಿಡುತ್ತಾನೆ. ಮಡಕೆಯೂ ಮಣ್ಣಿನ ರೂಪ, ಹುತ್ತವೂ ಮಣ್ಣಿನ ರೂಪ. ಮಣ್ಣಿನಿಂದಾಗಿದೆ ಎಂಬಷ್ಟಕ್ಕೇ ಹುತ್ತಕ್ಕೂ ಕುಂಬಾರನೊಬ್ಬನಿದ್ದಾನೆ ಎನ್ನುತ್ತೀರಾ? ಮಡಕೆ ಕಂಡೊಡನೆ ಕುಂಬಾರನನ್ನು ಊಹಿಸುವುದು ಸರಿ, ಏಕೆಂದರೆ ಅಂಥ ಆಕಾರವನ್ನು ಕೈಯಿಂದ ಮಾಡುವುದನ್ನು ಕಂಡಿದ್ದೇವೆ. ಬೆಟ್ಟವನ್ನು ಯಾರೂ ಮಾಡುತ್ತಿದ್ದುದನ್ನು ಕಂಡಿಲ್ಲ. ಎರಡಕ್ಕೂ 'ಕಾರ್ಯ' ಎಂಬ ಒಂದೇ ಹೆಸರು ಇಟ್ಟ ಮಾತ್ರಕ್ಕೆ ಒಂದರ ಸಾಕ್ಷಿ ಇನ್ನೊಂದಕ್ಕೆ ಆಗುವುದಿಲ್ಲ.

ಇದಕ್ಕೆ ನೈಯಾಯಿಕರು ಸುಮ್ಮನಾಗಲಿಲ್ಲ. ಕಾಡಿನಲ್ಲಿ ತಾನಾಗಿ ಮೊಳೆತ ಹುಲ್ಲಿಗೆ ಕರ್ತ ಎಲ್ಲಿ ಎಂದು ಬೌದ್ಧ ಕೇಳಿದರೆ, ಆ ಹುಲ್ಲಿಗೆ ಕರ್ತನಿದ್ದಾನೋ ಇಲ್ಲವೋ ಎಂಬುದೇ ನಮ್ಮ ವಿವಾದ. ವಿವಾದದಲ್ಲಿರುವುದನ್ನೇ ನನಗೆ ವಿರುದ್ಧ ಉದಾಹರಣೆಯಾಗಿ ತರಬೇಡ ಎನ್ನುತ್ತಾರೆ. ತರ್ಕದ ನಿಯಮಕ್ಕೆ ಇದು ಸರಿಯೇ. ಆದರೆ ಹಾಗೆಂದ ಮೇಲೆ ಯಾವ ಉದಾಹರಣೆಯೂ ಅವರ ವ್ಯಾಪ್ತಿಯನ್ನು, ಅಂದರೆ ಕಾರ್ಯವಿದ್ದಲ್ಲೆಲ್ಲ ಕರ್ತನಿರುತ್ತಾನೆ ಎಂಬ ನಿಯಮವನ್ನು, ಮುರಿಯದಂತಾಗುತ್ತದೆ: ಕರ್ತ ಕಂಡರೆ ಅನುಕೂಲ, ಕಾಣದಿದ್ದರೆ 'ವಿವಾದದಲ್ಲಿದೆ'. 11ನೇ ಶತಮಾನದಲ್ಲಿ ವಿಕ್ರಮಶೀಲದ ಜ್ಞಾನಶ್ರೀಮಿತ್ರ ಮತ್ತು ರತ್ನಕೀರ್ತಿ ಈ ವ್ಯಾಪ್ತಿ ಸಿದ್ಧಿಸುವುದೇ ಇಲ್ಲ ಎಂದು ತೋರಿಸಲು ಬೇರೆ ಗ್ರಂಥಗಳನ್ನೇ ಬರೆದರು. ನನ್ನ ಮಟ್ಟಿಗೆ ಈ ಸುತ್ತಿನಲ್ಲಿ ಬೌದ್ಧರ ಕೈ ಮೇಲು.

ತಪ್ಪು ಕಲ್ಪನೆ: ಭಕ್ತರಾದವರು ಈ ಪ್ರಮಾಣಗಳನ್ನು ಒಪ್ಪಲೇಬೇಕು

ಮೇಲುಕೋಟೆಯ ಚೆಲುವನಾರಾಯಣನ ಹೆಸರಿನ ಜೊತೆಗೇ ನಾವು ನೆನೆಯುವ ರಾಮಾನುಜಾಚಾರ್ಯರಿಗಿಂತ ದೊಡ್ಡ ಭಕ್ತರನ್ನು ಎಲ್ಲಿ ಹುಡುಕುವುದು? ಬ್ರಹ್ಮಸೂತ್ರದ ಮೂರನೆಯ ಸೂತ್ರಕ್ಕೆ ಶ್ರೀಭಾಷ್ಯದಲ್ಲಿ ಅವರು ಬರೆದದ್ದನ್ನು ನೋಡಿ. ಅನುಮಾನದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕದಿಂದ, ಈಶ್ವರನನ್ನು ಸಾಧಿಸುವ ವಾದವನ್ನು ಸಾಲುಸಾಲಾಗಿ ಬಿಚ್ಚಿಡುತ್ತಾರೆ. ಭೂಮಿ, ಸಮುದ್ರಗಳೆಲ್ಲ ಕಾರ್ಯಗಳೇ ಆಗಲಿ, ಅವೆಲ್ಲ ಒಂದೇ ಸಲಕ್ಕೆ ಒಬ್ಬನಿಂದಲೇ ಆದವು ಎಂದು ಹೇಗೆ ಹೇಳುತ್ತೀರಿ? ಲೋಕದಲ್ಲಿ ಕೆಲಸಗಳು ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆಯವರಿಂದ ಆಗುವುದನ್ನು ಕಾಣುತ್ತೇವೆ. ಹೆಚ್ಚು ಪುಣ್ಯ ಸಂಪಾದಿಸಿದ ಜೀವರೇ ಇವನ್ನು ಮಾಡಿರಬಾರದೇಕೆ? ಕರ್ತರೆಲ್ಲ ಶರೀರವಿದ್ದವರಾಗಿಯೇ ಕಾಣುವಾಗ ನಿಮ್ಮ ಕರ್ತನಿಗೆ ಮಾತ್ರ ಶರೀರ ಬೇಡವೇ?

ಜಗತ್ತನ್ನು ಕಟ್ಟಿದವರು ಹಲವರಿರಬಾರದೇಕೆ ಎಂಬ ಇದೇ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದ್ದಾನೆ. ಅವನ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1779ರಲ್ಲಿ. ಹ್ಯೂಮನದು ಸಂದೇಹವಾದಿಯ ದನಿ. ರಾಮಾನುಜರದು ಬೇರೆ: ನಾರಾಯಣನನ್ನು ಶಾಸ್ತ್ರದಿಂದಲ್ಲದೆ ತಿಳಿಯಲಾಗದು, ಕುಂಬಾರನ ಹೋಲಿಕೆಯಿಂದ ಸಿಗುವವನು ಅವನಲ್ಲ.

ಉಡುಪಿಯ ಬಳಿ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಬೇರೆ ಎಷ್ಟೋ ವಿಷಯಗಳಲ್ಲಿ ರಾಮಾನುಜರಿಗೆ ಎದುರು ನಿಂತವರು, ಇಲ್ಲಿ ಮಾತ್ರ ಜೊತೆಗಿದ್ದಾರೆ. ಅನುಮಾನವನ್ನು ಹೇಗೆ ಬೇಕಾದರೂ ತಿರುಗಿಸಬಹುದು, ಕರ್ತನಿಲ್ಲ ಎಂದೂ ಅನುಮಾನಿಸಬಹುದು. ಆದ್ದರಿಂದ ಹರಿಯನ್ನು ತಿಳಿಸುವುದು ಸದಾಗಮ, ಅಂದರೆ ವೇದಾದಿ ಶಾಸ್ತ್ರ, ಮಾತ್ರ ಎಂಬುದು ವಿಷ್ಣುತತ್ತ್ವವಿನಿರ್ಣಯದ ನಿಲುವು. ಶಂಕರಾಚಾರ್ಯರು ಕೂಡ, ಹೊರಗೆ ನಿಂತು ಜಗತ್ತನ್ನು ನಡೆಸುವ ಬರೀ ನಿಮಿತ್ತಕಾರಣನಾದ ಈಶ್ವರನನ್ನು ಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ತಳ್ಳಿಹಾಕಿದ್ದಾರೆ. ಮೂರೂ ವೇದಾಂತಗಳ ಆಚಾರ್ಯರು ಕುಂಬಾರನ ವಾದದ ಮೇಲೆ ಭಾರ ಹಾಕಲಿಲ್ಲ. ಅದು ಬಿದ್ದರೆ ದೇವರೇ ಬಿದ್ದ ಎಂದು ಇಂದು ಗಾಬರಿಯಾಗುವವರು ಇದನ್ನೊಮ್ಮೆ ಗಮನಿಸಬೇಕು.

ತಪ್ಪು ಕಲ್ಪನೆ: ಸೃಷ್ಟಿಕರ್ತ ಇಲ್ಲ ಎಂದರೆ ಪೂಜೆಯೂ ಇಲ್ಲ, ನೀತಿಯೂ ಇಲ್ಲ

ಇದಕ್ಕೆ ಉತ್ತರ ಶ್ರವಣಬೆಳಗೊಳದಲ್ಲಿ 58 ಅಡಿ ಎತ್ತರಕ್ಕೆ ನಿಂತಿದೆ. ಗೊಮ್ಮಟನಿಗೆ ಮಹಾಮಸ್ತಕಾಭಿಷೇಕದಲ್ಲಿ ಹಾಲು, ಅರಿಶಿನದ ನೀರು, ಚಂದನ ಧಾರೆಯಾಗಿ ಇಳಿಯುತ್ತವೆ. ಆ ಬಾಹುಬಲಿ ಜಗತ್ತನ್ನು ಮಾಡಿದವನಲ್ಲ. ಗೆದ್ದ ರಾಜ್ಯವನ್ನು ಬಿಟ್ಟು ನಡೆದು, ಮೈಗೆ ಬಳ್ಳಿ ಹಬ್ಬಿದರೂ ಕದಲದೆ ನಿಂತವನು. ಜೈನರಿಗೆ ಲೋಕ ಅನಾದಿ. ಮೊದಲೇ ಇಲ್ಲದ್ದಕ್ಕೆ ಮೊದಲು ಮಾಡಿದವನ ಪ್ರಶ್ನೆ ಏಳುವುದಿಲ್ಲ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಪಂಪ 941ರಲ್ಲಿ ಮುಗಿಸಿದ ಕನ್ನಡ ಆದಿಪುರಾಣಕ್ಕೆ ಅದೇ ಆಕರ. ಜಿನಸೇನರು ಕಥೆಯ ನಡುವೆ ಬಿಡುವು ಮಾಡಿಕೊಂಡು ಸೃಷ್ಟಿವಾದವನ್ನು ವಿಚಾರಣೆಗೆ ಹಚ್ಚುತ್ತಾರೆ. ಲೋಕವೇ ಇಲ್ಲದಾಗ ಅವನು ಎಲ್ಲಿ ನಿಂತಿದ್ದ? ಸಾಮಗ್ರಿ ಎಲ್ಲಿತ್ತು? ಕೊರತೆಯಿಲ್ಲದವನಿಗೆ ಮಾಡುವ ಆಸೆ ಏಕೆ ಬಂತು, ಕೊರತೆಯಿದ್ದರೆ ಅವನು ಪೂರ್ಣನು ಹೇಗಾದ? ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1980ರ ತನ್ನ 'ಕಾಸ್ಮೋಸ್' ಪುಸ್ತಕದಲ್ಲಿ ಜಿನಸೇನರ ಈ ಭಾಗವನ್ನು ಎತ್ತಿ ಕೊಟ್ಟಿದ್ದಾನೆ. ನಮ್ಮ ಎಷ್ಟೋ ಪದವೀಧರರಿಗೆ ಇದು ಅಲ್ಲಿಂದಲೇ ತಿಳಿಯಬೇಕಾದದ್ದು ಸ್ವಲ್ಪ ನಾಚಿಕೆಯ ಸಂಗತಿ.

ತಪ್ಪು ಕಲ್ಪನೆ: "ದೇವರು ಒಳ್ಳೆಯವನಾದರೆ ದುಃಖವೇಕೆ?" ಎಂಬುದು ಹೊರಗಿನಿಂದ ಬಂದ ಪ್ರಶ್ನೆ

ಕುಮಾರಿಲ ಕೇಳಿದ್ದನ್ನು ಮೇಲೆ ನೋಡಿದೆವು. ಬ್ರಹ್ಮಸೂತ್ರಕಾರರಿಗೂ ಅದು ಗೊತ್ತಿತ್ತು: ಈಶ್ವರನಿಗೆ ಪಕ್ಷಪಾತ ಮತ್ತು ನಿರ್ದಯತೆಯ ದೋಷ ಬರುವುದಿಲ್ಲ ಎಂದು ಸೂತ್ರದಲ್ಲೇ ಸಮಾಧಾನ ಹೇಳಿದ್ದಾರೆ. ಮಳೆ ಎಲ್ಲಕ್ಕೂ ಒಂದೇ, ಭತ್ತ ಭತ್ತವಾಗುವುದು ಬೀಜದಿಂದ. ಹಾಗೆ ಸುಖದುಃಖದ ವ್ಯತ್ಯಾಸ ಜೀವರ ಕರ್ಮದಿಂದ ಎಂದು ಶಂಕರರು ಬಿಡಿಸುತ್ತಾರೆ. ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಎಂದರೆ, ಸಂಸಾರ ಅನಾದಿ ಎಂಬ ಉತ್ತರ. ಕರ್ಮವೇ ಎಲ್ಲವನ್ನೂ ನಿರ್ಧರಿಸುವುದಾದರೆ ಈಶ್ವರನಿಗೆ ಉಳಿದ ಕೆಲಸವೇನು ಎಂದು ಮೀಮಾಂಸಕ ಮತ್ತೆ ಬಾಗಿಲು ತಟ್ಟುತ್ತಾನೆ. ಈ ಗಂಟು ಪೂರ್ತಿ ಬಿಚ್ಚಿಕೊಂಡಿಲ್ಲ.

ತಪ್ಪು ಕಲ್ಪನೆ: ಡಾರ್ವಿನ್, ಬಿಗ್ ಬ್ಯಾಂಗ್ ಬಂದ ಮೇಲೆ ಈ ವಾದಗಳೆಲ್ಲ ಇತ್ಯರ್ಥವಾದವು

ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಗಡಿಯಾರದ ಉದಾಹರಣೆ ಕೊಟ್ಟು, ಇಷ್ಟು ನಾಜೂಕಾದ ಜೋಡಣೆಗೆ ಜೋಡಿಸಿದವನು ಬೇಕು ಎಂದಿದ್ದ. ಜೀವಿಗಳ ನಾಜೂಕಿಗೆ 1859ರಲ್ಲಿ ಡಾರ್ವಿನ್ ಬೇರೆ ಕಾರಣ ತೋರಿಸಿದ ಮೇಲೆ ಪೇಲಿಯ ವಾದದ ಬಲ ಕುಗ್ಗಿತು. ಉದಯನನ ವಾದಕ್ಕೆ ನಾಜೂಕು ಬೇಕೇ ಇಲ್ಲ; ಎರಡು ಪರಮಾಣು ಕೂಡಿದರೂ ಸಾಕು, ಅದು ಕಾರ್ಯ. ಹಾಗಾಗಿ ಡಾರ್ವಿನ್ನನ ಪೆಟ್ಟು ಅಲ್ಲಿಗೆ ನೇರವಾಗಿ ಬೀಳುವುದಿಲ್ಲ. ಧರ್ಮಕೀರ್ತಿಯ ಪೆಟ್ಟು ಬೀಳುತ್ತದೆ.

ಬಿಗ್ ಬ್ಯಾಂಗಿನದು ಇದಕ್ಕೆ ತಿರುಗಾಮುರುಗಾ. ವಿಶ್ವಕ್ಕೊಂದು ಆರಂಭವಿದೆ ಎಂದಾಯಿತಲ್ಲ, ಸೃಷ್ಟಿಕರ್ತ ಸಿದ್ಧನಾದ ಎಂದು ಹಿಗ್ಗಿದವರಿದ್ದಾರೆ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಹೆಚ್ಚುಕಡಿಮೆ ಅದೇ ಧಾಟಿಯಲ್ಲಿ ಮಾತಾಡಿದರು. ಆ ಸಿದ್ಧಾಂತದ ಮೂಲಪುರುಷರಲ್ಲಿ ಒಬ್ಬನಾದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಅವನಿಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತವನ್ನು ಧರ್ಮದ ಪ್ರಶ್ನೆಯಿಂದ ದೂರವೇ ಇಡಬೇಕೆಂಬುದು ಅವನ ಪಟ್ಟು. ವಿಶ್ವ ಹಿಗ್ಗುತ್ತಿರುವ ಲೆಕ್ಕ ಭೌತಶಾಸ್ತ್ರದ್ದು. ಕಂಡ ಕಾರ್ಯಗಳಿಂದ ಕಾಣದ ಕರ್ತನಿಗೆ ನೆಗೆಯಬಹುದೇ ಎಂಬುದು ತರ್ಕದ ಪ್ರಶ್ನೆ. ಮೊದಲನೆಯದು ಎಷ್ಟೇ ಕರಾರುವಾಕ್ಕಾದರೂ ಎರಡನೆಯದನ್ನು ತೀರ್ಮಾನಿಸುವುದಿಲ್ಲ.