ಚಿನ್ನ ತೆಗೆಯದ ಚಿನ್ನದ ಕಂಪನಿ: ದುಡ್ಡು ಬರೋದು ಎಲ್ಲಿಂದ, ಹೋಗೋದು ಎಲ್ಲಿಗೆ?

ಹಾವೇರಿ ತಾಲೂಕಿನ ಗಣಜೂರು ಹೆಸರು ಬಂದರೆ ಸಾಕು, ಚಹಾ ಅಂಗಡಿಯಲ್ಲಿ ಒಬ್ಬರಾದರೂ ‘ಚಿನ್ನ ಐತಂತಲ್ಲ, ಇನ್ನೂ ಯಾಕ ತಗದಿಲ್ಲ’ ಅಂತ ಕೇಳುತ್ತಾರೆ. ಈಚೆಗೆ ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ಆ ಕಂಪನಿ ಷೇರು ತಗೋಬಹುದಾ?’ ಮೊಬೈಲ್‌ನಲ್ಲೇ ಷೇರು ಸಿಗುವ ಕಾಲ ಇದು. ಷೇರು ಕೊಳ್ಳಿ, ಬಿಡಿ ಅಂತ ಹೇಳುವುದು ನಮ್ಮ ಕೆಲಸ ಅಲ್ಲ. ಆದರೆ ಇಂಥ ಕಂಪನಿಯ ವ್ಯವಹಾರ ಹೇಗೆ ನಡೆಯುತ್ತದೆ ಅನ್ನೋದನ್ನ ತಿಳಿದಿರಲೇಬೇಕು.

ಗಣಜೂರಿನಲ್ಲಿ ಹುಡುಕಾಟ ನಡೆಸಿದ್ದು ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿಯ ಅಂಗಸಂಸ್ಥೆ. ಡೆಕ್ಕನ್ ಗೋಲ್ಡ್ ಮುಂಬೈ ಷೇರುಪೇಟೆಯಲ್ಲಿ ವಹಿವಾಟಾಗುವ ಕಂಪನಿ. ಗಣಿ ಲೋಕದಲ್ಲಿ ಇಂಥವನ್ನು ‘ಜೂನಿಯರ್’ ಅಂತಾರೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಕಂಪನಿ ಅದಿರು ತೆಗೆದು, ಚಿನ್ನ ಮಾಡಿ, ಮಾರಿ ದುಡ್ಡು ಮಾಡುತ್ತದೆ. ಜೂನಿಯರ್ ಹಾಗಲ್ಲ. ಅದರ ಕೆಲಸ ಹುಡುಕೋದು. ಮಾರಲಿಕ್ಕೆ ಅದರ ಬಳಿ ಸರಕೇ ಇಲ್ಲ, ಹಾಗಾಗಿ ಹೆಚ್ಚಿನ ವರ್ಷಗಳಲ್ಲಿ ಆದಾಯವೂ ಇಲ್ಲ. ಖರ್ಚು ಮಾತ್ರ ನಿಲ್ಲೋದಿಲ್ಲ.

ಖರ್ಚು ಅರ್ಥ ಆಗಬೇಕಾದರೆ ಬೋರ್‌ವೆಲ್ ನೆನಪಿಸಿಕೊಳ್ಳಿ. ನೀರು ಬಿದ್ದರೂ ಬೀಳದಿದ್ದರೂ ಗಾಡಿಯವನಿಗೆ ಅಡಿ ಲೆಕ್ಕದಲ್ಲಿ ದುಡ್ಡು ಕೊಡಲೇಬೇಕಲ್ಲ, ಇಲ್ಲೂ ಅದೇ ಕಥೆ. ಒಂದೇ ವ್ಯತ್ಯಾಸ, ಇಲ್ಲಿ ಕಲ್ಲನ್ನು ಪುಡಿ ಮಾಡದೆ ಕೊಳವೆಯಂತೆ ಇಡಿಯಾಗಿ ಕೊರೆದು ತೆಗೆದು, ಸೀಳಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: 150 ಮೀಟರ್ ಆಳದ 100 ರಂಧ್ರ, ಮೀಟರಿಗೆ 5,000 ರೂಪಾಯಿ. ಏಳೂವರೆ ಕೋಟಿ ಆಯ್ತು. ಪರೀಕ್ಷೆ, ಭೂವಿಜ್ಞಾನಿಗಳ ಸಂಬಳ, ಕಚೇರಿ, ವಕೀಲರ ಖರ್ಚು ಬೇರೆ. ಇಷ್ಟಾದ ಮೇಲೆ ಟನ್ ಕಲ್ಲಿಗೆ ಮೂರು ಗ್ರಾಂ ಚಿನ್ನ ಸಿಕ್ಕರೆ ಅದು ಒಳ್ಳೆ ಸುದ್ದಿ. ಟನ್ನಿಗೆ ಮೂರು ಗ್ರಾಂ ಅಂದರೆ ಒಂದು ಸಣ್ಣ ಉಂಗುರ!

ಹಾಗಾದರೆ ದುಡ್ಡು ಬರೋದು ಎಲ್ಲಿಂದ? ಬ್ಯಾಂಕು ಸಾಮಾನ್ಯವಾಗಿ ಸಾಲ ಕೊಡೋದಿಲ್ಲ. ಅಡ ಇಡಲಿಕ್ಕೆ ಏನಿದೆ? ಉಳಿದ ದಾರಿ ಹೊಸ ಷೇರು ಹಂಚೋದು. ಇಲ್ಲೇ ಸಣ್ಣ ಹೂಡಿಕೆದಾರರು ಎಡವೋದು. ಒಂದು ಕೋಟಿ ಷೇರು ಇರುವ ಕಂಪನಿಯಲ್ಲಿ ನಿಮ್ಮದು ಸಾವಿರ ಅಂತಿಟ್ಟುಕೊಳ್ಳಿ. ಕಂಪನಿ ಇನ್ನೊಂದು ಕೋಟಿ ಷೇರು ಬೇರೆಯವರಿಗೆ ಕೊಟ್ಟರೆ ನಿಮ್ಮ ಸಾವಿರ ಸಾವಿರವೇ ಇರುತ್ತದೆ, ಪಾಲು ಮಾತ್ರ ಅರ್ಧ ಆಗುತ್ತದೆ. ಹಕ್ಕಿನ ಷೇರು ಅಂತ ಮೊದಲು ಹಳೇ ಷೇರುದಾರರಿಗೇ ಕೇಳಿದರೆ, ಪಾಲು ಉಳಿಸಿಕೊಳ್ಳಲು ಮತ್ತೆ ಜೇಬಿನಿಂದ ಹಾಕಬೇಕು. ಷೇರು ಕೊಟ್ಟು ಆಸ್ತಿ ಕೊಳ್ಳುವುದೂ ಉಂಟು. ಬೆಂಗಳೂರಿನ ಜಿಯೋಮೈಸೂರು ಕಂಪನಿಯಲ್ಲಿ ಡೆಕ್ಕನ್ ಗೋಲ್ಡ್ ಸುಮಾರು ಶೇ 40ರಷ್ಟು ಪಾಲು ಪಡೆದದ್ದು ಬಹುಪಾಲು ಹೀಗೆ ಷೇರು ವಿನಿಮಯದಿಂದಲೇ.

ಆ ಜಿಯೋಮೈಸೂರಿನ ಗಣಿ ಆಂಧ್ರದ ಕರ್ನೂಲು ಜಿಲ್ಲೆಯ ಜೊನ್ನಗಿರಿಯಲ್ಲಿದೆ. ಗುತ್ತಿಗೆ ಸಿಕ್ಕಿದ್ದು 2013ರಲ್ಲಿ. ಹತ್ತು ವರ್ಷ ಕಳೆದರೂ ಪೂರ್ಣ ಪ್ರಮಾಣದ ಉತ್ಪಾದನೆ ಶುರುವಾಗಿರಲಿಲ್ಲ. ಕಾಗದ ಕೈಗೆ ಬಂದ ಮೇಲೂ ಇಷ್ಟು ಕಾಯಬೇಕು.

ಗಣಜೂರಿಗೆ ಆ ಕಾಗದವೇ ಸಿಗಲಿಲ್ಲ. ಹಳೇ ಕಾನೂನಿನಲ್ಲಿ ಹುಡುಕಿದವರಿಗೇ ಗಣಿ ಗುತ್ತಿಗೆಯಲ್ಲಿ ಮೊದಲ ಹಕ್ಕು. 2015ರಲ್ಲಿ ಕೇಂದ್ರ ಗಣಿ ಕಾಯ್ದೆ ಬದಲಾಗಿ ಹರಾಜು ಪದ್ಧತಿ ಬಂತು. ಆಗಲೇ ಹುಡುಕಾಟ ನಡೆಸಿದ್ದವರ ಹಕ್ಕನ್ನು 10ಎ(2)(ಬಿ) ಕಲಮಿನಲ್ಲಿ ಉಳಿಸಿದ್ದರು. 2021ರ ತಿದ್ದುಪಡಿ ಅದನ್ನೂ ತೆಗೆದು, ಇತ್ಯರ್ಥವಾಗದೆ ಉಳಿದಿದ್ದ ಅರ್ಜಿಗಳ ಹಕ್ಕು ರದ್ದಾಯಿತು. ಹುಡುಕಾಟದ ಖರ್ಚು ವಾಪಸ್ ಕೊಡಬೇಕು ಅಂತ ಕಾನೂನಲ್ಲಿದೆ. ಆದರೆ ಇಷ್ಟು ವರ್ಷ ಅಪಾಯ ಹೊತ್ತು ದುಡ್ಡು ಹಾಕಿದವನಿಗೆ ಬರೀ ಖರ್ಚು ವಾಪಸ್ ಬಂದರೆ ಅದು ಲಾಭವಲ್ಲ. ಜೂನಿಯರ್ ಕಂಪನಿಗೆ ಕಲ್ಲಿನಷ್ಟೇ ಕಾನೂನೂ ಗಟ್ಟಿ ಅನ್ನೋದಕ್ಕೆ ನಮ್ಮ ತಾಲೂಕೇ ಸಾಕ್ಷಿ. 2023ರಲ್ಲಿ ಮತ್ತೆ ಕಾಯ್ದೆ ಬದಲಾಗಿ, ಚಿನ್ನ ಸೇರಿ 29 ಖನಿಜಗಳಿಗೆ ಹರಾಜಿನ ಮೂಲಕ ‘ಅನ್ವೇಷಣಾ ಪರವಾನಗಿ’ ಬಂದಿದೆ. ಹುಡುಕಿಕೊಟ್ಟವನಿಗೆ ಮುಂದೆ ಗಣಿ ಹಿಡಿದವನು ಕಟ್ಟುವ ಹರಾಜು ಪ್ರೀಮಿಯಂನಲ್ಲಿ ಒಂದು ಪಾಲು ಸಿಗುತ್ತದೆ.

ಮೋಸದ ಮಾತನ್ನೂ ಹೇಳಿಬಿಡಬೇಕು. ಕೆನಡಾದ ಬ್ರೆ-ಎಕ್ಸ್ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಭಾರೀ ಚಿನ್ನ ಇದೆ ಅಂತ ಸಾರಿತ್ತು. ಷೇರು ಮುಗಿಲಿಗೇರಿತು. 1997ರಲ್ಲಿ ಗೊತ್ತಾಯಿತು, ಕಲ್ಲಿನ ಪುಡಿಗೆ ಹೊರಗಿನ ಚಿನ್ನ ಬೆರೆಸಿದ್ದರು! ಕಂಪನಿ ಮುಳುಗಿತು. ಅದಾದ ಮೇಲೆ 2001ರಲ್ಲಿ ಕೆನಡಾ, ಅರ್ಹ ತಜ್ಞರ ಹೊಣೆಯಿಲ್ಲದೆ ಖನಿಜದ ಅಂಕಿ ಪ್ರಕಟಿಸಬಾರದು ಅಂತ ನಿಯಮ ಮಾಡಿತು.

ಹಾಗಾಗಿ ‘ಇಷ್ಟು ಟನ್ ಚಿನ್ನ ಪತ್ತೆ’ ಅಂತ ವಾಟ್ಸಾಪ್‌ನಲ್ಲಿ ಬಂದರೆ ಮೊದಲು ನೋಡಬೇಕಾದದ್ದು ಅದು ‘ಸಂಪನ್ಮೂಲ’ವೋ ‘ನಿಕ್ಷೇಪ’ವೋ ಅಂತ. ನೆಲದಲ್ಲಿ ಇದೆ ಅಂತ ಅಂದಾಜಿಸಿದ್ದು ಸಂಪನ್ಮೂಲ. ಖರ್ಚು ಕಳೆದು ಲಾಭಕ್ಕೆ ತೆಗೆಯಬಹುದು ಅಂತ ಲೆಕ್ಕ ಹಾಕಿದ್ದು ನಿಕ್ಷೇಪ. ಆಮೇಲೆ ಕಂಪನಿಯ ಲೆಕ್ಕಪತ್ರ ತೆಗೆದು, ಕೈಯಲ್ಲಿರುವ ನಗದನ್ನು ತಿಂಗಳ ಖರ್ಚಿನಿಂದ ಭಾಗಿಸಿ. ಎಂಟು ತಿಂಗಳು ಅಂತ ಬಂದರೆ ಎಂಟು ತಿಂಗಳೊಳಗೆ ಹೊಸ ಷೇರು ಅಥವಾ ಹೊಸ ಸಾಲ ಬರುತ್ತದೆ ಅಂತಲೇ ತಿಳಿಯಿರಿ. ‘ಆಸ್ತಿ’ ಅಂತ ತೋರಿಸಿದ ಮೊತ್ತದಲ್ಲಿ ಹುಡುಕಾಟಕ್ಕೆ ಆದ ಖರ್ಚೇ ಎಷ್ಟಿದೆ ಅಂತಲೂ ನೋಡಿ. ಲೆಕ್ಕದ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ, ಆದರೆ ಯೋಜನೆ ಕೈಬಿಟ್ಟ ದಿನ ಅದು ನಷ್ಟದ ಕಾಲಂಗೆ ಹೋಗುತ್ತದೆ.

ಜಮೀನಿನವರಿಗೂ ಒಂದು ಮಾತು. ಹುಡುಕಾಟದ ಪರವಾನಗಿ ಸಿಕ್ಕ ಮಾತ್ರಕ್ಕೆ ನಿಮ್ಮ ಹೊಲ ಕಂಪನಿಯದಾಗೋದಿಲ್ಲ. ಬೆಳೆಗೆ, ನೆಲಕ್ಕೆ ಹಾನಿಯಾದರೆ ಪರಿಹಾರ ಕೊಡಬೇಕು ಅಂತ ಗಣಿ ಕಾಯ್ದೆಯ 24ಎ ಕಲಂ ಹೇಳುತ್ತದೆ. ರಾಜಧನ, ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಎಲ್ಲ ಬರೋದು ಗಣಿಯಿಂದ ಅದಿರು ಹೊರಬಿದ್ದ ಮೇಲೆ. ಹುಡುಕಾಟದ ಹಂತದಲ್ಲಿ ಊರಿಗೆ ಸಿಗೋದು ಬಾಡಿಗೆ, ಕೂಲಿ, ಊಟ, ಡೀಸೆಲ್ ವ್ಯಾಪಾರ ಅಷ್ಟೇ.

ಅಂಗಡಿಯವರು ಗಮನಿಸಬೇಕಾದದ್ದೂ ಇದನ್ನೇ. ಕೊರೆಯುವ ಗಾಡಿ ಬಂದು ನಿಂತರೆ ಅದು ಸಾಮಾನ್ಯವಾಗಿ ಗುತ್ತಿಗೆದಾರನದು, ಕಂಪನಿಯದಲ್ಲ. ಕಂಪನಿಯ ದುಡ್ಡು ಖಾಲಿಯಾದರೆ ಗಾಡಿ ರಾತ್ರೋರಾತ್ರಿ ಹೊರಡುತ್ತದೆ. ನಿಮ್ಮ ಉದ್ರಿ ಪುಸ್ತಕದಲ್ಲಿ ಇರೋದು ಸೂಪರ್‌ವೈಸರ್ ಹೆಸರು ಮಾತ್ರ. ಆದ್ದರಿಂದ ಬಿಲ್ಲು ಗುತ್ತಿಗೆ ಸಂಸ್ಥೆಯ ಹೆಸರಲ್ಲಿ ಇರಲಿ, ಸಹಿ ಇರಲಿ, ಲೆಕ್ಕ ವಾರಕ್ಕೊಮ್ಮೆ ಚುಕ್ತಾ ಆಗಲಿ.